ಕರಗುವುದು ಬೇರೆ, ಕದಡುವುದು ಬೇರೆ
ವಿಜಯವಾಡದ ಒನ್ ಟೌನ್ ಮಗ್ಗುಲಲ್ಲೇ ಕೃಷ್ಣೆ ಹರಿಯುತ್ತಾಳೆ. ನಮ್ಮ ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ಹಾದುಬಂದ ನೀರದು. ವಿಸರ್ಜನೆಯ ಬಳಿಕ ಗಣೇಶನ ಮೂರ್ತಿ ‘ಕರಗಿತು’ ಎನ್ನುತ್ತೇವೆ. ನಿಜವೇ?

ಒಂದು ಲೀಟರ್ ನೀರು ಸುಮಾರು 2 ಕಿಲೋ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಉಪ್ಪನ್ನಾದರೆ 360 ಗ್ರಾಂ, ಅಡಿಗೆ ಸೋಡಾವನ್ನು ನೂರು ಗ್ರಾಮಿಗೂ ತುಸು ಕಡಿಮೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾದಾಗ ಉಂಟಾಗುವ ಜಿಪ್ಸಮ್ ಕರಗುವುದು ಎರಡು-ಎರಡೂವರೆ ಗ್ರಾಂ ಮಾತ್ರ! ಐದು ಕಿಲೋ ಮೂರ್ತಿಗೆ ಕನಿಷ್ಠ 2,000 ಲೀಟರ್ ನೀರು ಬೇಕೆಂಬುದು ಬ್ಯಾಂಕಿನವನಾದ ನನ್ನ ಲೆಕ್ಕ. ಹಿಡಿಯುವ ಕಾಲದ ಮಾತು ಬೇರೆ.

ಜೇಡಿಮಣ್ಣು ವಾಸ್ತವವಾಗಿ ಕರಗುವುದೇ ಇಲ್ಲ. ನೀರು ಅದರ ಕಣಗಳ ನಡುವೆ ನುಗ್ಗಿ ಬಿಡಿಸುತ್ತದೆ. ಮಣ್ಣು ಕದಡಿ, ತಳ ಸೇರಿ, ಕೆಸರಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ಪ್ಲಾಸ್ಟರನ್ನು ಬಿಟ್ಟು ಮಣ್ಣನ್ನೇ ಹೇಳಿದೆ. ಸುಡದ, ಬಣ್ಣ ಬಳಿಯದ ಪುಟ್ಟ ಮೂರ್ತಿಗೆ ಮನೆಯ ಬಕೆಟ್ಟೇ ಸಾಕು. ಉಳಿದ ಕೆಸರು ತುಳಸಿಕಟ್ಟೆಗೆ.