ಸಾಲ, ಸೆರೆ ಮತ್ತು ಕ್ಷಮೆ

ಚನ್ನಗಿರಿಯ ಅಡಿಕೆ ಬೆಳೆಗಾರನಿಗಾಗಲಿ, ಮಳೆಯನ್ನೇ ನಂಬಿದ ಜಗಳೂರಿನ ರೈತನಿಗಾಗಲಿ ಸಾಲವೆಂದರೇನು ಎಂದು ಹೇಳಿಕೊಡಬೇಕಿಲ್ಲ. ಕ್ರೈಸ್ತ ಧರ್ಮ ಕ್ಷಮೆಯನ್ನು ವಿವರಿಸಲು ಹೊರಟಾಗ ಆಸರೆಯಾಗಿ ಹಿಡಿದದ್ದು ಈ ಸಾಲದ ಅನುಭವವನ್ನೇ.

ಬೈಬಲ್ಲಿನ ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿ ರಚಿತವಾದದ್ದು. ಅಲ್ಲಿ ಕ್ಷಮೆಗೆ ಬಳಸಿರುವ ‘ಆಫೆಸಿಸ್’ ಎಂಬ ಪದದ ಮೂಲಾರ್ಥ ಬಿಡುಗಡೆ. ಸೆರೆಯಾಳನ್ನು ಬಿಡುವುದಕ್ಕೂ ಪಾಪವನ್ನು ಕ್ಷಮಿಸುವುದಕ್ಕೂ ಅದೇ ಪದ. ಯೆಹೂದ್ಯರ ಹಳೆಯ ಕಟ್ಟಳೆಯಂತೆ 50 ವರ್ಷಕ್ಕೊಮ್ಮೆ ಜೂಬಿಲಿ ಬರುತ್ತಿತ್ತು. ಆಗ ಜೀತಕ್ಕೆ ಬಿದ್ದವನು ಮನೆಗೆ ಮರಳಬೇಕು, ಮಾರಿದ ಹೊಲ ಮೂಲ ಕುಟುಂಬಕ್ಕೆ ಸೇರಬೇಕು. ಆ ಕಟ್ಟಳೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿಯೂ ಇರುವುದು ಇದೇ ಪದ. ನಮ್ಮ ‘ಕ್ಷಮೆ’ಯಾದರೋ ಸಂಸ್ಕೃತದಿಂದ ಬಂದದ್ದು, ಅದರ ಬೇರು ಸಹನೆ. ಭೂಮಿಗೂ ಆ ಹೆಸರುಂಟು. ಸೊಗಸಾದ ಅರ್ಥವೇ ಸರಿ. ಆದರೆ ಸಹಿಸಿಕೊಂಡವನ ಹೊರೆ ಇಳಿಯಿತೆಂದು ಹೇಳಲಾಗದು.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಒಂದು ಸಾಮತಿ ಇದೆ. ಸೇವಕನೊಬ್ಬ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಆಳಿನ ದಿನಗೂಲಿ. ವರ್ಷಕ್ಕೆ 300 ದಿನ ದುಡಿದರೂ ಈ ಸಾಲ ತೀರಲು ಎರಡು ಲಕ್ಷ ವರ್ಷ ಬೇಕು! ಯಾವ ಸೊಸೈಟಿಯ ಲೆಕ್ಕಕ್ಕೂ ಸಿಗದ ಮೊತ್ತವಿದು. ಅರಸ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಆದರೆ ಹೊರಗೆ ಬಂದ ಸೇವಕ, ತನಗೆ ಕೇವಲ 100 ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದು ಅವನನ್ನು ಸೆರೆಗೆ ತಳ್ಳಿಸುತ್ತಾನೆ. ಸುದ್ದಿ ತಿಳಿದ ಅರಸ ಮನ್ನಾ ಮಾಡಿದವನನ್ನೇ ಸೆರೆಗೆ ಹಾಕಿಸುತ್ತಾನೆ. ಕ್ಷಮಿಸಲೊಲ್ಲದವನು ಬೇರೊಬ್ಬನಿಗೆ ಕಟ್ಟಿದ ಸೆರೆಮನೆಗೆ ತಾನೇ ಬಿದ್ದ ಎಂಬುದು ಕಥೆಯ ತಿರುಳು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಇಲ್ಲಿನ ಕ್ಯಾಥೊಲಿಕರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಹೊನ್ನಾಳಿಯನ್ನು ದಾಟಿ ಹರಿಯುವ ತುಂಗಭದ್ರೆಯ ದಂಡೆಯಲ್ಲೇ ಮುಂದೆ ಹರಿಹರವಿದೆ. ಅಲ್ಲಿನ ಆರೋಗ್ಯ ಮಾತೆಯ ದೇವಾಲಯದಲ್ಲಿ ಸೆಪ್ಟೆಂಬರ್ 8ರಂದು ಜಾತ್ರೆ. ಇಂಥ ಹಬ್ಬಗಳಿಗೆ ಮುನ್ನ ಪಾಪನಿವೇದನೆ ಮಾಡುವುದು ಕ್ಯಾಥೊಲಿಕರ ರೂಢಿ. ಗುರುವಿನ ಮುಂದೆ ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಪಶ್ಚಾತ್ತಾಪ ಪಡಬೇಕು, ಪ್ರಾಯಶ್ಚಿತ್ತ ನೆರವೇರಿಸಬೇಕು. ಕೇಳಿದ್ದನ್ನು ಗುರು ಯಾರಿಗೂ, ನ್ಯಾಯಾಲಯಕ್ಕೂ ಸಹ, ಹೇಳುವಂತಿಲ್ಲ. ಕದ್ದವನು ಕದ್ದದ್ದನ್ನು ಹಿಂತಿರುಗಿಸಬೇಕು ಎಂಬುದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪ್ರಾಟೆಸ್ಟಂಟರಲ್ಲಿ ತಪ್ಪೊಪ್ಪಿಗೆ ಹೆಚ್ಚಾಗಿ ನೇರ ದೇವರಿಗೆ.

ಕ್ಷಮಿಸಿದರೆ ಅಪರಾಧ ಇಲ್ಲವಾಗುತ್ತದೆಯೇ? ಇಲ್ಲ. ಇದಕ್ಕೆ ರಾಣಿ ಮರಿಯಾ ಅವರ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಭಾರತದಲ್ಲಿ ಸಿಗುವುದು ಕಷ್ಟ. ಕೇರಳ ಮೂಲದ ಈ ಸನ್ಯಾಸಿನಿ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿ, ಲೇವಾದೇವಿಗಾರರ ಹಿಡಿತದಿಂದ ಬಡ ರೈತರನ್ನು ಬಿಡಿಸಲು ದುಡಿಯುತ್ತಿದ್ದರು. ಇಲ್ಲಿಯೂ ಸಾಲವೇ! 1995ರ ಫೆಬ್ರುವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ ಸಮಂದರ್ ಸಿಂಗ್ ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕಾನೂನು ತನ್ನ ಕೆಲಸ ಮಾಡಿತು. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ಸನ್ಯಾಸಿನಿ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ತಾಯಿಯೂ ಕ್ಷಮಿಸಿದರು. ಕುಟುಂಬದವರೇ ಬಿಡುಗಡೆಗೆ ಮನವಿ ಮಾಡಿದ ಮೇಲೆ 2006ರಲ್ಲಿ ಅವನು ಹೊರಬಂದ. ಮರುವರ್ಷ ಕೇರಳಕ್ಕೆ ಹೋಗಿ ಆ ಮನೆಯವರನ್ನು ಕಂಡ.

2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ ಎಂದು ಘೋಷಿಸಿದಾಗ ನೆರೆದ ಜನರ ನಡುವೆ ಅವನೂ ಇದ್ದ.