ಬದಲಾಗುತ್ತಿರುವ ಹವಾಮಾನ ಮತ್ತು ಕರ್ನಾಟಕದ ಕೆರೆಗಳು: ಪರಿಣಾಮ ಹಾಗೂ ಪರಿಹಾರದ ದಾರಿಗಳು

ಕ್ರಿ.ಶ. 1369ರ ಪೋರುಮಾಮಿಳ್ಳ ಶಾಸನಕ್ಕೆ ದಕ್ಷಿಣ ಭಾರತದ ನೀರಾವರಿ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿ, ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಗೆ ಸಂಬಂಧಿಸಿದ ಈ ಸಂಸ್ಕೃತ ಶಾಸನವು ಉತ್ತಮ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು ಮೊದಲ ನಾಲ್ಕು ದೋಷಗಳು. ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು ಐದನೆಯದು. ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು ಆರನೆಯದು.

ಈ ಕೊನೆಯ ಎರಡು ದೋಷಗಳು ಪರಸ್ಪರ ವಿರುದ್ಧವಾದವು. ಒಂದೇ ಕೆರೆಯಲ್ಲಿ ಇವೆರಡೂ ಕೂಡಿ ಇರಲಾರವು ಎಂಬುದು ಸಹಜವಾದ ತಿಳಿವಳಿಕೆ. ಆದರೆ ಕಳೆದ ಕೆಲವು ವರ್ಷಗಳ ಅನುಭವವು ಈ ತಿಳಿವಳಿಕೆಯನ್ನು ಅಲುಗಾಡಿಸಿದೆ. 2021ರ ನವೆಂಬರಿನಲ್ಲಿ ಅಕಾಲಿಕವಾಗಿ ಸುರಿದ ಭಾರಿ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವು ಕೆರೆಗಳು ಬಹುಕಾಲದ ಬಳಿಕ ಕೋಡಿ ಹರಿದವು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲಿಯೇ ಕೆಟ್ಟಿತು. 2022ರಲ್ಲಿ ರಾಮನಗರದ ಸುತ್ತಲೂ ಬೆಂಗಳೂರಿನ ಪೂರ್ವ ಭಾಗದಲ್ಲಿಯೂ ಕೆರೆಗಳು ಉಕ್ಕಿ ಹರಿದು ಹೆದ್ದಾರಿ ಮತ್ತು ಬಡಾವಣೆಗಳು ಮುಳುಗಿದವು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಎಂದರೆ ಐದನೆಯ ಮತ್ತು ಆರನೆಯ ದೋಷಗಳೆರಡೂ ಒಂದೇ ಸೀಮೆಯ ಕೆರೆಗಳಿಗೆ ಒಂದರ ಹಿಂದೊಂದು ತಟ್ಟಿದವು. ಈ ಪರಿಸ್ಥಿತಿಯ ಕಾರಣಗಳನ್ನೂ ಅದನ್ನು ಎದುರಿಸುವ ದಾರಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬದಲಾವಣೆಯ ಸ್ವರೂಪ

ಕಲ್ಲಿದ್ದಲು, ಪೆಟ್ರೋಲಿಯಂ ಮೊದಲಾದ ಇಂಧನಗಳ ಬಳಕೆಯಿಂದಲೂ ಅರಣ್ಯನಾಶದಿಂದಲೂ ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಮುಂತಾದ ಹಸಿರುಮನೆ ಅನಿಲಗಳ ಪ್ರಮಾಣ ಹೆಚ್ಚಿ, ಭೂಮಿಯ ಸರಾಸರಿ ಉಷ್ಣತೆ ಏರುತ್ತಿದೆ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಮಂಡಳಿಯ 2021ರ ವರದಿಯ ಪ್ರಕಾರ 2011ರಿಂದ 2020ರವರೆಗಿನ ದಶಕದ ಸರಾಸರಿ ಉಷ್ಣತೆಯು 1850-1900ರ ಅವಧಿಗಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಭಾರತಕ್ಕೆ ಸಂಬಂಧಿಸಿದಂತೆ ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ ಸಮೀಕ್ಷೆಯು 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆಯೆಂದು ಗುರುತಿಸಿದೆ. 1951ರಿಂದ 2015ರ ಅವಧಿಯಲ್ಲಿ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದ್ದು, ಈ ಇಳಿಕೆ ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟಗಳಲ್ಲಿ ಎದ್ದು ಕಾಣುತ್ತದೆ. ಅದೇ ಸಮಯದಲ್ಲಿ ಮಧ್ಯಭಾರತದಲ್ಲಿ ದಿನವೊಂದಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆಯ ಸಂದರ್ಭಗಳು ಸುಮಾರು ಶೇ. 75ರಷ್ಟು ಹೆಚ್ಚಿವೆ.

ಒಟ್ಟು ಮಳೆ ಇಳಿಯುವುದು, ಬಿರುಮಳೆ ಹೆಚ್ಚುವುದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸಿದರೂ ಎರಡರ ಮೂಲ ಒಂದೇ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಮಳೆ ಬರುವ ಸನ್ನಿವೇಶ ಒದಗಿದಾಗ ಈ ಹೆಚ್ಚಿನ ತೇವ ಅಲ್ಪಾವಧಿಯಲ್ಲಿ ಸುರಿದುಹೋಗುತ್ತದೆ. ಉಳಿದ ದಿನಗಳಲ್ಲಿ ಬಿಸಿಯಾದ ಗಾಳಿಯು ನೆಲದ ತೇವವನ್ನು ಬೇಗನೆ ಹೀರುತ್ತದೆ. ಆದ್ದರಿಂದ ವರ್ಷದ ಸರಾಸರಿಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೂ ಮಳೆಯ ದಿನಗಳ ಹಂಚಿಕೆ ಬದಲಾಗಬಹುದು. ನಕ್ಷತ್ರಗಳ ಲೆಕ್ಕದಲ್ಲಿ ಬಿತ್ತನೆಯ ಹದ ಗುರುತಿಸುತ್ತ ಬಂದ ರೈತನಿಗೆ ಸರಾಸರಿಗಿಂತ ಈ ಹಂಚಿಕೆಯೇ ಮುಖ್ಯ. ಹಾಗೆಂದು ಪ್ರತಿಯೊಂದು ನೆರೆಯನ್ನೂ ಪ್ರತಿಯೊಂದು ಬರವನ್ನೂ ಹವಾಮಾನ ಬದಲಾವಣೆಯ ಫಲವೆಂದು ಹೇಳಲಾಗದು. ಬಯಲುಸೀಮೆಗೆ ಬರ ಹೊಸದಲ್ಲ. ಕೆರೆಗಳು ಹುಟ್ಟಿದ್ದೇ ಮಳೆಯ ಚಂಚಲತೆಗೆ ಉತ್ತರವಾಗಿ. ಆ ಚಂಚಲತೆಯ ಮಿತಿಗಳು ಈಗ ವಿಸ್ತರಿಸುತ್ತಿರುವುದೇ ಹೊಸ ಸಂಗತಿ.

ಕೆರೆಯ ಮೇಲಿನ ಪರಿಣಾಮ

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆಯೆಂದು ಅಂದಾಜಿಸಲಾಗಿದೆ. ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣ್ಮೆಯ ಕೆಲಸವಾದೀತು ಎಂಬ ಆಶಯದ ಮಾತನ್ನು ಅಲ್ಲಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿಯೇ ಬರೆದಿದ್ದನು. ಇವುಗಳಲ್ಲಿ ಬಹುಪಾಲು ಸರಣಿ ಕೆರೆಗಳು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಒಂದರ ಹೆಚ್ಚಳವೇ ಮತ್ತೊಂದರ ಗಳಿಕೆ.

ಈ ವ್ಯವಸ್ಥೆಗೆ ಮಳೆಯ ಹೊಸ ಸ್ವರೂಪದಿಂದ ಮೂರು ಬಗೆಯ ಹಾನಿ ಸಂಭವಿಸುತ್ತದೆ. ಮೊದಲನೆಯದು ಹೂಳು. ಬಿರುಮಳೆಯು ಸೋನೆಮಳೆಗಿಂತ ಎಷ್ಟೋ ಪಾಲು ಹೆಚ್ಚು ಮಣ್ಣನ್ನು ಕೊಚ್ಚಿ ತರುತ್ತದೆ. ಹೂಳು ತುಂಬಿದಂತೆ ಕೆರೆಯ ಆಳ ಕುಗ್ಗಿ, ಅಷ್ಟೇ ನೀರು ಹೆಚ್ಚು ಅಗಲಕ್ಕೆ ಹರಡಿ ನಿಲ್ಲುತ್ತದೆ. ಇದರಿಂದ ಎರಡನೆಯ ಹಾನಿಯಾದ ಆವಿಯಾಗುವಿಕೆ ಹೆಚ್ಚುತ್ತದೆ. ಒಳನಾಡಿನಲ್ಲಿ ತೆರೆದ ನೀರಿನ ಮೇಲ್ಮೈಯಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರು ಆವಿಯಾಗಬಲ್ಲದು. ಎರಡು ಮೂರು ಮೀಟರ್ ಆಳದ ಕೆರೆಗೆ ಇದು ಅಲ್ಪ ನಷ್ಟವಲ್ಲ; ಉಷ್ಣತೆ ಏರಿದಂತೆ ಈ ನಷ್ಟವೂ ಏರುತ್ತದೆ. ಮೂರನೆಯದು ಕೋಡಿಗೆ ಸಂಬಂಧಿಸಿದ್ದು. ಕೋಡಿಯ ಅಗಲವನ್ನು ಕಟ್ಟಿದವರು ತಮ್ಮ ಕಾಲದ ದೊಡ್ಡ ಮಳೆಯ ಅನುಭವದಿಂದ ನಿರ್ಧರಿಸಿದ್ದರು. ಆ ಅನುಭವವನ್ನು ಮೀರಿದ ಮಳೆ ಬಂದು, ಹೂಳಿನಿಂದಾಗಿ ಕೆರೆಯ ಸಾಮರ್ಥ್ಯವೂ ಕುಗ್ಗಿದ್ದರೆ, ನೀರು ಏರಿಯನ್ನೇ ಮೀರುತ್ತದೆ. ಸರಣಿಯಲ್ಲಿ ಮೇಲಿನ ಏರಿ ಒಡೆದರೆ ಕೆಳಗಿನ ಕೆರೆಗಳೂ ಅಪಾಯಕ್ಕೆ ಸಿಲುಕುತ್ತವೆ. ಹೀಗೆ ಮಳೆಗಾಲದಲ್ಲಿ ಏರಿಯನ್ನು ಒಡೆಯುವ ಹೂಳೇ ಬೇಸಿಗೆಯಲ್ಲಿ ಕೆರೆಯನ್ನು ಒಣಗಿಸುತ್ತದೆ.

ಹವಾಮಾನದ ಹೊರಗಿನ ಕಾರಣಗಳು

ಕೆರೆಗಳ ಅವನತಿಯ ಹೊಣೆಯನ್ನೆಲ್ಲ ಹವಾಮಾನದ ಮೇಲೆ ಹೊರಿಸುವುದು ಯುಕ್ತವಲ್ಲ. ಮಳೆಯ ಸ್ವರೂಪ ಬದಲಾಗುವುದಕ್ಕೆ ಮುನ್ನವೇ ಕೆರೆಯನ್ನು ನೋಡಿಕೊಳ್ಳುವ ವ್ಯವಸ್ಥೆ ಸಡಿಲಗೊಂಡಿತ್ತು. ಕೆರೆಯನ್ನು ಕಟ್ಟಿದವರಿಗೂ ದುರಸ್ತಿ ಮಾಡಿಸಿದವರಿಗೂ ಭೂಮಿ ಬಿಡುತ್ತಿದ್ದ ಕಟ್ಟುಕೊಡಗೆ, ದಶವಂದ ಮೊದಲಾದ ದತ್ತಿಗಳ ಉಲ್ಲೇಖ ಶಾಸನಗಳಲ್ಲಿ ಹೇರಳವಾಗಿದೆ. ತೂಬನ್ನು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಫಸಲಿನಲ್ಲಿ ಆಯ ಸಲ್ಲುತ್ತಿತ್ತು. ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಬೇಕಾಗಿಲ್ಲ. ನೀರುಗಂಟಿಗಳು ಅನೇಕ ಕಡೆ ದಲಿತ ಕುಟುಂಬಗಳಿಗೆ ಸೇರಿದವರು. ನೀರನ್ನು ಹಂಚುವ ಕೈಗೆ ನೀರಿನ ಮೇಲೆ ಹಕ್ಕಿರಲಿಲ್ಲ. ಆದರೂ ನೀರು ಎಷ್ಟಿದೆ, ಎಷ್ಟು ನೆಲಕ್ಕೆ ಸಾಲುತ್ತದೆ ಎಂಬ ಲೆಕ್ಕವನ್ನು ಊರು ಒಟ್ಟಾಗಿ ಒಪ್ಪಿಕೊಳ್ಳುವ ಕ್ರಮವೊಂದು ಅದರಲ್ಲಿತ್ತು.

ಕೊಳವೆಬಾವಿಗಳು ಈ ಕ್ರಮವನ್ನು ಮುರಿದವು. ಶಾಶ್ವತ ನದಿಯಿಲ್ಲದ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯವಾದವು. ಕೆರೆಯ ನೀರು ಸಾಮುದಾಯಿಕವಾದದ್ದು. ಕೊಳವೆಬಾವಿಯ ನೀರು ಅದನ್ನು ಕೊರೆಸುವ ಶಕ್ತಿಯಿದ್ದವನದು. ಕೊಳವೆಬಾವಿಯಿದ್ದವನಿಗೆ ಕೆರೆಯ ತೂಬಿನ ಹಂಗಿಲ್ಲದಾದಾಗ ರಾಜಕಾಲುವೆಯ ಒತ್ತುವರಿಯನ್ನು ಪ್ರಶ್ನಿಸುವವರೂ ಕಡಿಮೆಯಾದರು. ಜಲಾನಯನ ಪ್ರದೇಶದಲ್ಲಿ ಬೆಳೆಸಿದ ನೀಲಗಿರಿ ತೋಪುಗಳು ಕೆರೆಗೆ ಹರಿದು ಬರುವ ನೀರನ್ನು ಇನ್ನಷ್ಟು ಕುಗ್ಗಿಸಿದವು. ಹವಾಮಾನ ಬದಲಾವಣೆಯು ಹೀಗೆ ಮೊದಲೇ ದುರ್ಬಲವಾಗಿದ್ದ ವ್ಯವಸ್ಥೆಯ ಮೇಲೆ ಎರಗಿದೆ.

ಹೊಂದಾಣಿಕೆಯ ದಾರಿಗಳು

ಕೆರೆ ಪುನಶ್ಚೇತನದ ಯತ್ನಗಳು ರಾಜ್ಯದಲ್ಲಿ ಹಲವು ನಡೆದಿವೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಮಂಜೂರಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯು ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳನ್ನು ರೂಪಿಸಿತು. ಕೆರೆಗಳ ಸಂರಕ್ಷಣೆಗೆ ಪ್ರಾಧಿಕಾರವನ್ನು ರಚಿಸುವ ಕಾಯಿದೆ 2014ರಲ್ಲಿ ಬಂದಿತು. ಈ ಯತ್ನಗಳ ಬೆಳಕಿನಲ್ಲಿ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಒಂದೊಂದು ಕೆರೆಯನ್ನು ಬಿಡಿಬಿಡಿಯಾಗಿ ನೋಡದೆ ಸರಣಿಯನ್ನೇ ಒಂದು ಘಟಕವೆಂದು ಪರಿಗಣಿಸಬೇಕು. ಮೇಲಿನ ಕೆರೆಯ ಏರಿಯನ್ನು ಎತ್ತರಿಸಿದರೆ ಕೆಳಗಿನ ಕೆರೆಗೆ ಕೋಡಿಯ ನೀರು ತಪ್ಪುತ್ತದೆ. ಮೇಲಿನದರ ಹೂಳೆತ್ತದೆ ಕೆಳಗಿನದರ ಹೂಳೆತ್ತಿದರೆ ಅದು ಬೇಗನೆ ಮತ್ತೆ ತುಂಬುತ್ತದೆ. ಎತ್ತಿದ ಹೂಳು ಹೊಲಗಳಿಗೆ ಸೇರಿದರೆ ಮಣ್ಣಿನ ತೇವ ಹಿಡಿಯುವ ಶಕ್ತಿಯೂ ಹೆಚ್ಚುತ್ತದೆ. ಎರಡನೆಯದಾಗಿ, ಕೋಡಿಗಳ ಅಗಲವನ್ನು ಇತ್ತೀಚಿನ ಮಳೆಯ ದಾಖಲೆಗಳ ಆಧಾರದಿಂದ ಮರುಲೆಕ್ಕ ಮಾಡಬೇಕು. ಹೂಳೆತ್ತುವುದಕ್ಕೆ ಸಿಗುವ ಪ್ರಾಶಸ್ತ್ಯ ಕೋಡಿಗೆ ಸಿಗುವುದು ವಿರಳ.

ಮೂರನೆಯದು ಬೆಳೆಯ ಆಯ್ಕೆ. ಅಚ್ಚುಕಟ್ಟು ಎಂದರೆ ಭತ್ತ ಎಂಬ ರೂಢಿಯನ್ನು ಕೆರೆಯ ಮಟ್ಟಕ್ಕೆ ತಕ್ಕಂತೆ ಸಡಿಲಿಸಬೇಕಾಗಿದೆ. ಕೆರೆ ಅರ್ಧ ತುಂಬಿದ ವರ್ಷ ರಾಗಿ, ಹುರುಳಿ ಮೊದಲಾದ ಅಲ್ಪ ನೀರಿನ ಬೆಳೆಗಳನ್ನು ಇಡೀ ಅಚ್ಚುಕಟ್ಟು ಒಟ್ಟಾಗಿ ಒಪ್ಪಿಕೊಂಡರೆ ಮಾತ್ರ ಕೊನೆಯ ಗದ್ದೆಯವನಿಗೂ ಪಾಲು ಸಿಗುತ್ತದೆ. ಪೋರುಮಾಮಿಳ್ಳದ ಐದನೆಯ ದೋಷಕ್ಕೆ ನೀರನ್ನು ಹೆಚ್ಚಿಸುವುದೊಂದೇ ಅಲ್ಲ, ನೀರು ಬೇಡುವ ನೆಲವನ್ನು ಕಡಿಮೆ ಮಾಡುವುದೂ ಪರಿಹಾರವೇ. ಇಂತಹ ನಿರ್ಣಯಕ್ಕೆ ಮಾಹಿತಿಯ ಬಲ ಬೇಕು. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಆರಂಭಗೊಂಡ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಆ ಅಂಕಿಅಂಶಗಳು ಪರಿಹಾರಧನದ ಲೆಕ್ಕಕ್ಕಷ್ಟೇ ಸೀಮಿತವಾಗದೆ ಕೆರೆ ಬಳಕೆದಾರರ ಸಭೆಗೂ ತಲುಪಬೇಕಾಗಿದೆ.

ನಾಲ್ಕನೆಯದು ಹೊರಗಿನ ನೀರು. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಆರಂಭವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸುವುದು ಅದರ ಗುರಿಯಾಗಿತ್ತು. ಮಳೆಯನ್ನು ನೆಚ್ಚದ ಮೂಲವೊಂದು ಬರದ ನಾಡಿಗೆ ಒದಗಿದ್ದು ಸಣ್ಣ ಸಂಗತಿಯಲ್ಲ. ಅಂತರ್ಜಲ ಮಟ್ಟ ಏರಿ ಬತ್ತಿದ್ದ ಬಾವಿಗಳಿಗೆ ಜೀವ ಬಂದ ಕಡೆಗಳಿವೆ. ಆದರೆ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಇಂಗಿ ಕುಡಿಯುವ ನೀರಿನ ಮೂಲಗಳನ್ನು ಸೇರುವ ಬಗೆಗೆ ಆತಂಕ ವ್ಯಕ್ತವಾಗಿ ಪ್ರಕರಣವು ಉಚ್ಚ ನ್ಯಾಯಾಲಯ ಮತ್ತು ಸರ್ವೋಚ್ಚ ನ್ಯಾಯಾಲಯಗಳವರೆಗೆ ಹೋಯಿತು. ಮೂರನೆಯ ಹಂತದ ಸಂಸ್ಕರಣೆ ಹಾಗೂ ನೀರಿನ ಗುಣಮಟ್ಟದ ನಿರಂತರ, ಬಹಿರಂಗ ಪರೀಕ್ಷೆ ಇಲ್ಲದಿದ್ದರೆ, ನೀರಿನ ಕೊರತೆಯನ್ನು ನೀಗಿಸುವ ಯತ್ನ ಆರೋಗ್ಯದ ಪ್ರಶ್ನೆಯಾಗಿ ಮಾರ್ಪಡುವ ಸಾಧ್ಯತೆಯಿದೆ.

ಹೊಂದಾಣಿಕೆಯ ಮಿತಿ

ಹವಾಮಾನ ಬದಲಾವಣೆಗೆ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಗುರುತಿಸಲಾಗುತ್ತದೆ. ಪರಿಣಾಮಕ್ಕೆ ತಕ್ಕಂತೆ ಬದುಕನ್ನು ಮಾರ್ಪಡಿಸಿಕೊಳ್ಳುವುದು ಹೊಂದಾಣಿಕೆ. ಕಾರಣವಾದ ಅನಿಲಗಳನ್ನೇ ಕಡಿಮೆ ಮಾಡುವುದು ಉಪಶಮನ. ಕೆರೆ ಮೊದಲನೆಯದಕ್ಕೆ ಸಾಧನವೇ ಹೊರತು ಎರಡನೆಯದಕ್ಕಲ್ಲ. ಉಷ್ಣತೆ ಏರುತ್ತಲೇ ಹೋದರೆ ಎಷ್ಟೇ ಸುಸ್ಥಿತಿಯ ಕೆರೆಯೂ ಒಂದು ಹಂತದಲ್ಲಿ ಸೋಲುತ್ತದೆ.

ಉಪಶಮನದ ದೊಡ್ಡ ಪ್ರಯೋಗವೊಂದು ಬರದ ನೆಲದಲ್ಲಿಯೇ ನಡೆದಿರುವುದು ಗಮನಾರ್ಹ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸ್ಥಾಪಿಸಿದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರಲ್ಲಿ ಪೂರ್ಣಗೊಂಡಿತು. ಮಳೆಯನ್ನು ನಂಬಿದ್ದ ಭೂಮಾಲೀಕರಿಗೆ ಅದು ನಿಶ್ಚಿತ ವರಮಾನ ತಂದಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೂ ಅಲ್ಲಿ ಮೇಯುತ್ತಿದ್ದ ಕುರಿಮಂದೆಗಳಿಗೂ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ. ಕೆರೆಯಲ್ಲಿ ಕೊನೆಯ ಗದ್ದೆಯ ಪ್ರಶ್ನೆ ಹೇಗೋ ಇಲ್ಲಿಯೂ ಹಾಗೆಯೇ. ಪರಿಹಾರದ ಲಾಭ ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬುದನ್ನು ತಾಂತ್ರಿಕತೆಯೊಂದೇ ತೀರ್ಮಾನಿಸಲಾರದು.

ಉಪಸಂಹಾರ

ಪೋರುಮಾಮಿಳ್ಳದ ಶಾಸನಕಾರನು ನೀರು ಮತ್ತು ನೆಲಗಳ ಅನುಪಾತವನ್ನು ಕೆರೆ ಕಟ್ಟುವಾಗ ಒಮ್ಮೆ ನಿಶ್ಚಯಿಸಿದರೆ ಸಾಕೆಂದು ಭಾವಿಸಿದ್ದಂತಿದೆ. ಅಂದಿನ ಮಳೆಗೆ ಆ ಭಾವನೆ ಒಪ್ಪುತ್ತಿತ್ತು. ಇಂದು ಆ ಅನುಪಾತವನ್ನು ವರ್ಷವರ್ಷವೂ ಹೊಸದಾಗಿ ನಿಶ್ಚಯಿಸಬೇಕಾಗಿದೆ. ನೀರು ಹೆಚ್ಚಿದಾಗ ಅದಕ್ಕೆ ದಾರಿ ಬಿಡುವ ಕೋಡಿ, ಕಡಿಮೆಯಾದಾಗ ಬೆಳೆಯನ್ನು ಬದಲಿಸುವ ಒಪ್ಪಂದ, ಇವೆರಡನ್ನೂ ನೋಡಿಕೊಳ್ಳುವ ಹಕ್ಕು ಮತ್ತು ವೇತನವುಳ್ಳ ಇಂದಿನ ಕಾಲದ ನೀರುಗಂಟಿ, ಈ ಮೂರೂ ಕೂಡಿದಲ್ಲಿ ಮಾತ್ರ ಕೆರೆಯು ಬದಲಾಗುತ್ತಿರುವ ಹವಾಮಾನದಲ್ಲಿಯೂ ಊರಿನ ಆಸರೆಯಾಗಿ ಉಳಿಯಬಲ್ಲದು.