ನಿಮಗಿದು ಗೊತ್ತೇ? ಪತಂಗ ಕಾಲಿನಿಂದ ಎಲೆಯ ರುಚಿ ನೋಡುತ್ತದೆ!

ಹಿತ್ತಲ ನಂದಿಬಟ್ಟಲಿನ ಎಳೆಯ ಎಲೆಯೊಂದನ್ನು ಮಗುಚಿ ನೋಡಿ. ಸಾಸಿವೆ ಕಾಳಿನಷ್ಟು ಗಾತ್ರದ ತಿಳಿಹಸಿರು ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿದ್ದರೆ ಅದು ಕಣಗಿಲೆ ಪತಂಗದ್ದಿರಬಹುದು. ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ ಮೂರೂ ಒಂದೇ ಕುಟುಂಬದವು ಎಂಬುದು ನಮಗೆ ಪುಸ್ತಕ ಓದಿ ಗೊತ್ತು. ಪತಂಗಕ್ಕೆ ಓದದೆಯೇ ಗೊತ್ತು! ದನ ಬಾಯಿ ಹಾಕದ ಕಣಗಿಲೆಯ ವಿಷದೆಲೆ ತಿಂದೇ ಇದರ ಮರಿಹುಳು ಕೊಬ್ಬುತ್ತದೆ.

ಕತ್ತಲಲ್ಲಿ ಗಿಡ ಹುಡುಕುವುದು ಹೇಗೆ? ದೂರದಿಂದ ವಾಸನೆ ಹಿಡಿಯುವುದು ಮೀಸೆ. ಎಲೆಯ ಮೇಲೆ ಇಳಿದ ಬಳಿಕ ರುಚಿ ನೋಡುವುದು ಕಾಲು. ಆಗಷ್ಟೇ ಮೊಟ್ಟೆಯೊಡೆದ ಮರಿಗೆ ಬೇರೆ ಗಿಡ ಹುಡುಕಿ ದೂರ ಹೋಗುವ ತ್ರಾಣ ಸಾಮಾನ್ಯವಾಗಿ ಇರುವುದಿಲ್ಲ. ತಾಯಿ ತಪ್ಪಿದರೆ ಮರಿ ಉಪವಾಸ.

ನೀರಿಲ್ಲದೆ ಬಾಡುವ ಟೊಮೆಟೊ ಗಿಡ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ನಮ್ಮ ಕಿವಿಗೆ ಅದು ನಿಲುಕದು, ಪತಂಗಕ್ಕೆ ನಿಲುಕುತ್ತದೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ನಳನಳಿಸುವ ಟೊಮೆಟೊ ಗಿಡಗಳನ್ನಿಟ್ಟು, ಒಂದರ ಬಳಿ ಮಾತ್ರ ಆ ಸದ್ದು ಕೇಳಿಸಿದರು. ಹೆಣ್ಣು ಪತಂಗಗಳು ಹೆಚ್ಚಾಗಿ ಸದ್ದಿಲ್ಲದ ಗಿಡದಲ್ಲೇ ಮೊಟ್ಟೆಯಿಟ್ಟವು! 2025ರಲ್ಲಿ ಪ್ರಕಟವಾದ ಈ ಸಂಗತಿ ಓದಿದಂದಿನಿಂದ, ಕುಂಡದ ಗಿಡ ಬಾಡಿದ್ದು ಕಂಡರೆ ನೀರು ಹಾಕದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಪಾಪಾಸುಕಳ್ಳಿಯ ಪತಂಗ ಮೊಟ್ಟೆಯ ಮೇಲೆ ಮೊಟ್ಟೆ ಪೇರಿಸುತ್ತದೆ. ನೋಡಿದರೆ ಥೇಟ್ ಕಳ್ಳಿಯ ಮುಳ್ಳು! ಅರ್ಜೆಂಟೀನಾದಿಂದ ತಂದ ಈ ಪತಂಗವನ್ನು ಆಸ್ಟ್ರೇಲಿಯಾದಲ್ಲಿ 1926ರಲ್ಲಿ ಹೊಲಗಳಿಗೆ ಬಿಟ್ಟರು. ಕಳ್ಳಿ ನುಂಗಿದ್ದ ಅಪಾರ ಭೂಮಿ ಮತ್ತೆ ರೈತರ ಕೈಸೇರಿತು. ಕ್ವೀನ್ಸ್‌ಲೆಂಡ್‌ನ ಬೂನಾರ್ಗದಲ್ಲಿ ಪತಂಗದ ಹೆಸರಿನ ಸ್ಮಾರಕ ಭವನವೇ ಇದೆ.

ಟೊಮೆಟೊ ಹೊಲದ ನಡುವೆ ಚೆಂಡುಹೂ ಯಾಕೆ? ಕಾಯಿಕೊರಕದ ಪತಂಗಕ್ಕೆ ಟೊಮೆಟೊಗಿಂತ ಚೆಂಡುಹೂವೇ ಇಷ್ಟ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ಹೀಗಿದೆ: 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂ. ಟೊಮೆಟೊ ಸಸಿ 25 ದಿನದ್ದು, ಚೆಂಡುಹೂವಿನದು 45 ದಿನದ್ದು, ನಾಟಿ ಮಾತ್ರ ಒಂದೇ ದಿನ. ಆಗ ಎರಡೂ ಜೊತೆಗೇ ಹೂ ಬಿಡುತ್ತವೆ, ಪತಂಗ ಚೆಂಡುಹೂವಿನತ್ತ ತಿರುಗುತ್ತದೆ.

ಗಿಡ ಆರಿಸುವುದನ್ನೇ ಬಿಟ್ಟ ಪತಂಗವೂ ಒಂದಿದೆ: ರೇಷ್ಮೆಯದು. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಅದಕ್ಕೆ ಹಾರಾಟವೇ ಮರೆತಿದೆ. ಕೂತಲ್ಲೇ ಕಾಗದದ ಮೇಲೆ 400–500 ಮೊಟ್ಟೆ ಇಟ್ಟುಬಿಡುತ್ತದೆ. ಅದರ ಮರಿಗಳಿಗಾಗಿ ಶಿಡ್ಲಘಟ್ಟ, ರಾಮನಗರದ ಕಡೆಯ ರೈತರು ಹೊತ್ತು ಮೂಡುವ ಹೊತ್ತಿಗೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿರುತ್ತಾರೆ.